ಕಾಡಲ್ ಅನ್ನೋ ಇಂಗ್ಲಿಷ್ ಪದ: ಅರ್ಥ ಏನು, ಎಲ್ಲಿಂದ ಬಂತು, ಹೆಂಗೆ ಬಳಸೋದು

ಮೊದಲು ಸ್ಪೆಲಿಂಗ್ ನೋಡ್ಕೊಳ್ಳಿ, ಸಿ ಆದ್ಮೇಲೆ ಓ ಬಂದ್ರೆ ಕಾಡಲ್, ಯು ಬಂದ್ರೆ ಕಡಲ್. ಕಡಲ್ ಅಂದ್ರೆ ಅಪ್ಕೊಂಡು ಮುದ್ದಾಡೋದು, ಅದ್ರಲ್ಲಿ ತಪ್ಪೇನಿಲ್ಲ. ಕಾಡಲ್ ಅಂದ್ರೆ ಗಾಳಿ ಸೋಕದ ಹಾಗೆ, ನೆಲಕ್ಕೆ ಕಾಲೂರೋಕೂ ಬಿಡದೆ ಅತಿಯಾಗಿ ಜೋಪಾನ ಮಾಡೋದು, ಆಕ್ಷೇಪಣೆ ಆ ಪದದೊಳಗೇ ಇದೆ.

ಈ ಪದ ಹುಟ್ಟಿದ್ದು ಅಡುಗೆಮನೇಲಿ, ನನಗೆ ತುಂಬಾ ಇಷ್ಟ ಆಗೋದೇ ಇದು. 1600ರ ಸುಮಾರಿಗೆ ಕಾಡಲ್ ಅಂದ್ರೆ ಸಣ್ಣ ಉರೀಲಿ ಮೆತ್ತಗೆ ಬೇಯಿಸೋದು ಅಂತಿತ್ತು. ಈಗ್ಲೂ ಕಾಡಲ್ಡ್ ಎಗ್ ಅಂತಾರಲ್ಲ, ನೀರನ್ನ ಕೊತಕೊತ ಕುದಿಯೋಕೆ ಬಿಡದೆ ಮೊಟ್ಟೆ ಬೇಯಿಸ್ತಾರೆ, ಬಿಳಿ ಭಾಗ ಆಗಷ್ಟೇ ಕಟ್ಕೊಂಡಿರತ್ತೆ, ಹಳದಿ ಇನ್ನೂ ಹರೀತಿರತ್ತೆ. ಅತಿ ಮುದ್ದಲ್ಲಿ ಬೆಳೆದ ಮಗೂನೂ ಹಂಗೇ, ಪೂರ್ತಿ ಗಟ್ಟಿ ಆಗೋಕೆ ಬೇಕಾದ ಬಿಸಿ ತಾಗಿರಲ್ಲ. ಹಳೇ ಇಂಗ್ಲೆಂಡಲ್ಲಿ ಸಿ ಎ ಯು ಅಂತ ಶುರುವಾಗೋ ಇನ್ನೊಂದು ಕಾಡಲ್ ಇತ್ತು, ರೋಗಿಗಳಿಗೆ, ಬಾಣಂತಿಯರಿಗೆ ಕೊಡ್ತಿದ್ದ ಬೆಚ್ಚನೆ ಗಂಜಿ, ವೈನೋ ಏಲ್ ಅನ್ನೋ ಬಿಯರೋ ಹಾಕಿ, ಮೊಟ್ಟೆ, ಸಕ್ಕರೆ, ಮಸಾಲೆ ಬೆರೆಸಿದ್ದು. ಕ್ರಿಯಾಪದ ಬಂದಿದ್ದು ಬಹುಶಃ ಇದ್ರಿಂದ್ಲೇ, ಅದರ ಬೇರು ಲ್ಯಾಟಿನ್‌ನ ಕಾಲಿಡಸ್, ಅಂದ್ರೆ ಬೆಚ್ಚಗಿರೋದು. 1815ರ ಡಿಸೆಂಬರಲ್ಲಿ ಬಂದ ಜೇನ್ ಆಸ್ಟೆನ್ ಅವರ ಎಮ್ಮಾ ಕಾದಂಬರೀಲಿ ಆಗ್ಲೇ ಇವತ್ತಿನ ಅರ್ಥದಲ್ಲಿ ಬಳಕೆ ಆಗಿದೆ.

ಬಳಸೋದು ಸುಲಭ, ಕ್ರಿಯಾಪದ ಆದ್ಮೇಲೆ ನೇರವಾಗಿ ವ್ಯಕ್ತಿ, ಮಧ್ಯೆ ಟೂ, ವಿತ್ ಏನೂ ಬೇಡ: ಡೋಂಟ್ ಕಾಡಲ್ ಹಿಮ್. ಹತ್ತನೇ ಕ್ಲಾಸ್ ಹುಡುಗನಿಗೆ ಅಮ್ಮಾನೇ ಶೂ ಲೇಸ್ ಕಟ್ತಿದ್ರೆ ಅದು ಕಾಡಲ್, ಜ್ವರ ಬಂದಾಗ ತುತ್ತು ಮಾಡಿ ತಿನ್ನಿಸಿದ್ರೆ ಅಲ್ಲ, ಅದಕ್ಕೆ ಈ ಪದ ಹಾಕಿದ್ರೆ ಆ ತಾಯಿಗೆ ಅನ್ಯಾಯ ಆಗತ್ತೆ. ಇದೇ ಅರ್ಥದ ಮಾಲಿಕಾಡಲ್ ಅನ್ನೋ ಪದ ಇನ್ನೂ ಚುಚ್ಚತ್ತೆ, ಅದ್ರಲ್ಲಿರೋ ಮಾಲಿ ಮೇರಿ ಅನ್ನೋ ಹೆಸರಿನ ಮುದ್ದಿನ ರೂಪ, ಹೆಣ್ಣಿಗ ಅಂತ ಗಂಡಸರನ್ನ ಹಂಗಿಸೋಕೆ ಬಳಸ್ತಿದ್ರು, ಹಾಗಾಗಿ ನಾನಂತೂ ಅದನ್ನ ಬಳಸಲ್ಲ. ಮುದ್ದು ಮಾಡೋದಕ್ಕೆ ಇರೋ ಇನ್ನೊಂದು ಪದ ಪ್ಯಾಂಪರ್ ಕೂಡ ಮೊದಲು ಹೊಟ್ಟೆ ಬಿರಿಯೋ ಹಾಗೆ ತಿನ್ನಿಸೋದು ಅಂತಿತ್ತು, ಈಗ ಅದು ಒಳ್ಳೇ ಅರ್ಥಕ್ಕೂ ನಡೆಯತ್ತೆ, ಅದಕ್ಕೇ ಬರ್ತ್‌ಡೇ ದಿನ ಹೆಂಡ್ತಿಗೆ ರಜಾ ಕೊಟ್ಟು ನೀವೇ ಅಡುಗೆ ಮಾಡಿ ಬಡಿಸಿದ್ರೆ ಪ್ಯಾಂಪರ್ ಅನ್ನಿ.