ಜಿಪ್ಸಿ ಇಂಜಿನ್‌ಗೆ ಬಲ ತುಂಬಿದ ಅನುಭವ

ಕಾರ್ಬ್ಯುರೇಟರ್ ಇರುವ 1298 ಸಿಸಿ ಮಾರುತಿ ಜಿಪ್ಸಿಯ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ, ಅದರ ತಳ ಸವೆಸಿ ಕಂಪ್ರೆಷನ್ (ಪೆಟ್ರೋಲ್-ಗಾಳಿಯನ್ನು ಎಷ್ಟು ಪಟ್ಟು ಅದುಮುವುದೆಂಬ ಲೆಕ್ಕ) ಏರಿಸುತ್ತೇನೆಂದಾಗ ಶಿವಮೊಗ್ಗದ ಸಾಗರ ರಸ್ತೆಯ ಹಿರಿಯ ಮೇಸ್ತ್ರಿಗಳು ನಕ್ಕಿದ್ದರು. "ಸ್ಟಾಕಲ್ಲೇ ಬಿಡೋ ಮಾರಾಯ, ಆಗುಂಬೆ ಹತ್ತುವಾಗ ಗ್ಯಾಸ್ಕೆಟ್ ಹಾರುತ್ತೆ" ಎಂದು, ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಆ ತೆಳು ಹಾಳೆಯ ಬಗ್ಗೆ ಎಚ್ಚರಿಸಿದವರೊಬ್ಬರ ಮಾತು ಮೊದಲ ಸಲ ನಿಜವೂ ಆಯಿತು. ಎರಡನೆಯ ಸಲ ಸರಿಪಡಿಸಿದ ಮೇಲೆ ಅದೇ ಗಾಡಿ ಮೂವತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿ ಓಡಿದೆ, ಹೆಡ್ ಮತ್ತೆ ಬಿಚ್ಚಿಲ್ಲ.

ಮೊದಲ ಸಲ ಬೋರಿಂಗ್ ಮಾಡಿಕೊಟ್ಟ ವರ್ಕ್‌ಶಾಪಿನ ಹೆಸರು ಬೇಡ. 74 ಮಿಮೀ ಬೋರನ್ನು (ಸಿಲಿಂಡರಿನ ಒಳವ್ಯಾಸ) ಅರ್ಧ ಮಿಮೀ ದೊಡ್ಡದು ಮಾಡಿ ಹೊಸ ಪಿಸ್ಟನ್ ಹಾಕಿದ್ದಾಯಿತು, ಆದರೆ ಕೆಲವೇ ತಿಂಗಳಲ್ಲಿ ಮೂರನೇ ಸಿಲಿಂಡರ್ ಆಯಿಲ್ ಕುಡಿಯತೊಡಗಿ, ಸೋಮೇಶ್ವರದಿಂದ ಮೇಲೇರುವಾಗ ಗ್ಯಾಸ್ಕೆಟ್ಟೂ ಹೋಯಿತು. ಬಿಚ್ಚಿ ಅಳೆದರೆ ಬೋರಿನ ಮೇಲ್ಭಾಗ ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಬ್ಲಾಕಿನ ಮೇಲ್ಮೈಯೂ ಸಮವಿರಲಿಲ್ಲ. ಪಿಸ್ಟನ್, ರಿಂಗ್, ಕೂಲಿ ಸೇರಿ ಇಪ್ಪತ್ತೈದು ಸಾವಿರದಷ್ಟು ನೀರುಪಾಲು.

ಈ ಇಂಜಿನ್ನಿನ ಬ್ಲಾಕ್ ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಹೆಡ್ ಬೋಲ್ಟ್ ಬಿಗಿದಾಗ ಬೋರು ಕೂದಲೆಳೆಯಷ್ಟು ಎಳೆಯಲ್ಪಡುತ್ತದೆ. ಹಾಗಾಗಿ ಎರಡನೆಯ ಸಲ ಮಾಚೇನಹಳ್ಳಿಯ ಲೇತ್ ಒಂದರಲ್ಲಿ ಹೆಡ್ಡಿನ ಬದಲಿಗೆ ಕೂರುವ ದಪ್ಪ ಕಬ್ಬಿಣದ ಪ್ಲೇಟಿಗೆ ಸಿಲಿಂಡರಿಗೊಂದರಂತೆ ನಾಲ್ಕು ತೂತು ಹಾಕಿಸಿ, ಹಳೆಯ ಗ್ಯಾಸ್ಕೆಟ್ ಮೇಲಿಟ್ಟು ಟಾರ್ಕ್ ರೆಂಚಿನಲ್ಲಿ ಪೂರ್ತಿ ಬಿಗಿದ ಮೇಲೆಯೇ ಹೋನಿಂಗ್ (ಬೋರನ್ನು ಕಲ್ಲಿನಿಂದ ನಯವಾಗಿ ಉಜ್ಜುವುದು) ಮಾಡಿಸಿದೆ. ಪ್ಲೇಟಿಗೆ ಮೂರು ಸಾವಿರದ ಆಸುಪಾಸು ಬಿತ್ತು, ಆದರೆ ಆಯಿಲ್ ಕುಡಿಯುವುದು ನಿಂತದ್ದು ಅದರಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಸ್ಟನ್ ರಿಂಗ್ ಒಂದೊಂದನ್ನೂ ಬೋರಿನೊಳಗಿಟ್ಟು, ಅದರ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ನೋಡಿ 0.30 ಮಿಮೀ ಹತ್ತಿರಕ್ಕೆ ತಂದೆ.

ಹೆಡ್ಡಿನ ತಳವನ್ನು ಕಣ್ಣಂದಾಜಿನಲ್ಲಿ ಸವೆಸುವವರೇ ನಮ್ಮಲ್ಲಿ ಹೆಚ್ಚು. ನಾನು ಗಾಜಿನ ತುಂಡೊಂದನ್ನು ಗ್ರೀಸ್ ಹಚ್ಚಿ ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ಕೋಣೆಯ ಬಾಯಿಗೆ ಮುಚ್ಚಿ, ಅದರ ತೂತಿನಿಂದ ಬ್ಯೂರೆಟ್‌ನಲ್ಲಿ ಸೀಮೆಎಣ್ಣೆ ಬಿಟ್ಟು ನಾಲ್ಕನ್ನೂ ಅಳೆದೆ: ಹೆಚ್ಚುಕಡಿಮೆ ಒಂದೂವರೆ ಸಿಸಿ ವ್ಯತ್ಯಾಸವಿತ್ತು! ಚಿಕ್ಕವನ್ನು ಅರ ಹಾಕಿ ಸಮ ಮಾಡಿ, ಚೂಪು ಅಂಚುಗಳನ್ನೆಲ್ಲ ಉಜ್ಜಿ ದುಂಡಾಗಿಸಿ, ಆಮೇಲಷ್ಟೇ ಹೆಡ್ಡಿನ ತಳವನ್ನು ತೆಳುವಾಗಿ ಸವೆಸುವ ಸ್ಕಿಮ್ ಮಾಡಿಸಿದೆ. ಚೂಪು ಅಂಚು ಕೆಂಡವಾದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಬಡಿಯುವ ನಾಕಿಂಗ್ ಶುರುವಾಗುತ್ತದೆ. ಗ್ಯಾಸ್ಕೆಟ್ ದಪ್ಪವೂ ಸೇರಿ ಪಿಸ್ಟನ್ ಮೇಲಿನ ಜಾಗ ಸುಮಾರು 38 ಸಿಸಿಗೆ ನಿಂತಿತು, ಅಂದರೆ ಕಂಪ್ರೆಷನ್ ಒಂಬತ್ತೂವರೆಗಿಂತ ತುಸು ಹೆಚ್ಚು. ಪಂಪಿನಲ್ಲಿ ಸಿಗುವ ಸಾದಾ ಪೆಟ್ರೋಲಿಗೆ ಇದಕ್ಕಿಂತ ಹೆಚ್ಚಿನ ಆಸೆ ಬೇಡ. ಪಿಸ್ಟನ್ ತಲೆಗೆ ಮಕ್ಕಳ ಜೇಡಿಮಣ್ಣು ಅಂಟಿಸಿ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿ ವಾಲ್ವ್ ಎಷ್ಟು ಹತ್ತಿರ ಬರುತ್ತದೆಂದು ನೋಡಿಯೇ ಹೆಡ್ ಮುಚ್ಚಿದ್ದು.

ಹೆಡ್ ಕೆಳಗಿಳಿದಷ್ಟೂ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಸಮಯ) ಹಿಂದೆ ಬೀಳುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ. ಅದನ್ನು ಸರಿಪಡಿಸಲು ಕ್ಯಾಮಿನ ಪುಲ್ಲಿಗೆ ನಾನು ಮಾಡಿದ ಉಪಾಯವನ್ನು ಇಲ್ಲಿ ಹೇಳುವುದಿಲ್ಲ. ವಾಲ್ವ್ ಗೈಡಿನ ಸುತ್ತ ಪೋರ್ಟನ್ನು (ಗಾಳಿ, ಹೊಗೆ ಹಾಯುವ ದಾರಿ) ಎಷ್ಟು ಉಜ್ಜಬೇಕೆಂಬುದನ್ನೂ ಅಷ್ಟೇ.

ಈ ನಡುವೆ ಒಂದು ಸಣ್ಣ ಪ್ರಯೋಗ. ಘಾಟಿ ಗಾಡಿಯಾದರೆ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತೆಸೆಯುವ ರೂಢಿ ನಮ್ಮಲ್ಲಿದೆ. ಒಂದು ಮಳೆಗಾಲ ಹಾಗೆಯೇ ಓಡಿಸಿ ನೋಡಿದೆ: ಇಂಜಿನ್ ಬಿಸಿಯೇರದೆ ಚೋಕ್ ಬಿಡುವುದೇ ಕಷ್ಟವಾಯಿತು, ಪೆಟ್ರೋಲೂ ಹೆಚ್ಚು ಹೀರಿತು. ಹೊಸದು ಹಾಕಿ, ಜೋರುಮಳೆಯ ಕೆಸರು ತುಂಬಿಕೊಂಡ ರೇಡಿಯೇಟರ್ ರೆಕ್ಕೆಗಳನ್ನು ತೊಳೆದ ಮೇಲೆ ಬಿಸಿಯ ಮುಳ್ಳು ಘಾಟಿಯಲ್ಲೂ ಅಲುಗುತ್ತಿಲ್ಲ.

ಎರಡನೆಯ ಸಲದ ಒಟ್ಟು ಖರ್ಚು ಐವತ್ತೈದು ಸಾವಿರದೊಳಗೆ. ಬಲ ಅಳೆಯುವ ಡೈನೋ ಯಂತ್ರಕ್ಕೆ ಹತ್ತಿಸಿಲ್ಲವಾದ್ದರಿಂದ ಎಷ್ಟು ಕುದುರೆ ಬಲ ಏರಿತೆಂಬ ಲೆಕ್ಕ ಕೊಡಲಾರೆ. ಆಗುಂಬೆಯ ತಿರುವುಗಳ ನಡುವೆ ಐದು ಜನ, ಸಾಮಾನು ಹೊತ್ತು ಮೊದಲು ಎರಡನೇ ಗೇರಿನಲ್ಲಿ ಏಳುತ್ತಿದ್ದದ್ದು ಈಗ ಮೂರನೆಯದರಲ್ಲಿ ಸಲೀಸಾಗಿ ಏಳುತ್ತದೆ, ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚೇ ಕೊಡುತ್ತದೆ. ನಾಕಿಂಗ್ ಶಬ್ದ ಒಮ್ಮೆ ಕೇಳಿತ್ತು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿದ ಮೇಲೆ ಅದೂ ಇಲ್ಲ.