ಬ್ಯಾಕ್‌ಸ್ಟ್ರೋಕ್: ಗೋಡೆ ತಪ್ಪದಂತೆ ತಿರುಗುವುದು
1936ರ ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ವಿಶ್ವದಾಖಲೆಗಾರ್ತಿ ನೀಡಾ ಸೆನ್ಫ್ ತಿರುವಿನಲ್ಲಿ ಗೋಡೆ ಮುಟ್ಟದೆ, ವಾಪಸ್ ಹೋಗಿ ಮುಟ್ಟಿಯೂ 100 ಮೀಟರ್ ಬ್ಯಾಕ್‌ಸ್ಟ್ರೋಕ್ (ಬೆನ್ನ ಮೇಲಿನ ಈಜು) ಚಿನ್ನ ಗೆದ್ದರು. ಎಲ್ಲರಿಗೂ ಅಂಥ ಗಟ್ಟಿತನ ಇರುವುದಿಲ್ಲ. ಗೋಡೆ ತಲುಪಲು ಎಷ್ಟು ಸಲ ಕೈ ಬೀಸಬೇಕೆಂದು ಎಣಿಸಿಟ್ಟುಕೊಳ್ಳುವುದೇ ವಾಸಿ.

ಹುಬ್ಬಳ್ಳಿ-ಧಾರವಾಡದಲ್ಲಿ ನೀವು ಈಜುವ ಕೊಳದಲ್ಲಿ ಬಾವುಟದ ಹಗ್ಗವಿಲ್ಲದಿದ್ದರೆ ಗೋಡೆಯಿಂದ 5 ಮೀಟರ್ ದೂರಕ್ಕೆ, ನೀರಿನಿಂದ 1.8 ಮೀಟರ್ ಎತ್ತರಕ್ಕೆ ಬಣ್ಣದ ಬಟ್ಟೆಚೂರಿನ ಹಗ್ಗ ಬಿಗಿಯಿರಿ. ಅದು ಕಣ್ಣ ಮೇಲೆ ಬಂದಾಗಿನಿಂದ ಬೆರಳು ಗೋಡೆಗೆ ತಾಗುವವರೆಗೆ ಕೈ ಎಣಿಸಿ. ನಾಲ್ಕು ಬಂದರೆ, ಮೂರನೆಯ ಕೈ ಬೀಸುವಾಗಲೇ ಹೊಟ್ಟೆಯ ಮೇಲೆ ಹೊರಳಿ. ಆ ಎಳೆತ ಮುಗಿಯುತ್ತಲೇ ಲಾಗ. ಹೊರಳಿ ಸುಮ್ಮನೆ ತೇಲಿದರೆ ಸ್ಪರ್ಧೆಯಲ್ಲಿ ಅನರ್ಹ.

ನಿಧಾನಕ್ಕೆ ಈಜಿ ಎಣಿಸಿದ ಲೆಕ್ಕ ಸ್ಪರ್ಧೆಯ ವೇಗಕ್ಕೆ ಹೊಂದುವುದಿಲ್ಲ. ಜೋರಾಗಿಯೇ ಈಜಿ, ಹತ್ತು ಸಲ ಎಣಿಸಿ.