ಬಟ್ಟೆಗೆ ಬಣ್ಣ ಹಚ್ಚಿ ಗೋಡೆಗೆ ಅಂಟಿಸಿದೆವು: ನನ್ನ ಅನುಭವ

ಮೇಲ್ಸೇತುವೆ ಕೆಳಗಿನ ಗೋಡೆಗೆ ಬಟ್ಟೆ ಅಂಟಿಸಿ ಚಿತ್ರ ಮಾಡುತ್ತೇನೆ ಎಂದಾಗ ನಮ್ಮ ಕಸುಬಿನವರೇ ನಂಬಲಿಲ್ಲ. ಒಂದು ಮಳೆಗೆ ಕಿತ್ತು ಬರುತ್ತದೆ ಎಂದರು. ಈಗ ನಾಲ್ಕೈದು ಮಳೆಗಾಲ ದಾಟಿದೆ. ಒಂದು ಅಂಚು ಬಿಟ್ಟರೆ ಎಲ್ಲೂ ಅಲುಗಿಲ್ಲ.

ಅದೇ ಗೋಡೆಗೆ ಮೊದಲು ನೇರವಾಗಿ ಬರೆದಿದ್ದೆವು. ವರ್ಷದೊಳಗೆ ಗೋಡೆಯೊಳಗಿನ ಉಪ್ಪು ಹೊರಗೆ ಉಬ್ಬಿ ಬಣ್ಣ ಚಕ್ಕೆ ಚಕ್ಕೆಯಾಗಿ ಬಿತ್ತು. ಸೇತುವೆಯ ಜಾಯಿಂಟಿನಿಂದ ನೀರು ಇಳಿಯುತ್ತಿತ್ತು. ಸರಿಮಾಡುತ್ತೇವೆ ಎಂದವರು ಕೊನೆಗೂ ಮಾಡಲಿಲ್ಲ. ಆಮೇಲೆ ಹೊರಗಿನ ಒಬ್ಬ ಒಳ್ಳೆಯ ಕಲಾವಿದರು ಬಂದು ಬರೆದರು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಆರು ತಿಂಗಳಲ್ಲಿ ಅದರ ಮೇಲೆ ಪೋಸ್ಟರ್ ಬಿದ್ದವು, ಅಲ್ಲಿನ ಯಾರೂ ಕೇಳಲಿಲ್ಲ. ಉಪ್ಪಿಗಿಂತ ಇದು ನನ್ನನ್ನು ಜಾಸ್ತಿ ಕಾಡಿತು.

ಬಟ್ಟೆಯ ವಿಧಾನ ಅಮೆರಿಕದ ಫಿಲಡೆಲ್ಫಿಯಾ ನಗರದವರು ಬಳಸುವಂಥದ್ದು. ಅಲ್ಲಿನ ಮ್ಯೂರಲ್ (ಗೋಡೆಚಿತ್ರ) ಕೆಲಸ 1984ರಲ್ಲಿ ಶುರುವಾದದ್ದು ಗೋಡೆ ಗೀಚುವುದನ್ನು ತಡೆಯಲು. ಗೀಚುತ್ತಿದ್ದ ಹುಡುಗರ ಕೈಗೇ ಬ್ರಷ್ ಕೊಟ್ಟರು. ನನಗೆ ಬೇಕಿದ್ದದ್ದು ಅದೇ. ಐದಡಿ ಚೌಕದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದರೆ ಅಟ್ಟಣಿಗೆ ಹತ್ತಲಾಗದ ಅಜ್ಜಿಯೂ, ಶಾಲೆ ಮಕ್ಕಳೂ ಬಣ್ಣ ತುಂಬಬಹುದು.

ಗೋಡೆಯ ಮೇಲೆ ನೀರು ಬೀಳದಂತೆ ಮೊದಲು ನೀರು ಹರಿದುಹೋಗುವ ದೋಣಿ ಕಟ್ಟಿಸಿದೆವು. ಗೋಡೆ ಒಣಗಿದೆಯೇ ಎಂದು ನೋಡಲು ಪ್ಲಾಸ್ಟಿಕ್ ಹಾಳೆಯನ್ನು ಟೇಪ್ ಹಾಕಿ ರಾತ್ರಿ ಬಿಟ್ಟು, ಒಳಗೆ ಹನಿ ಕಟ್ಟಿಲ್ಲ ಎಂದು ಕಂಡ ಮೇಲೆಯೇ ಮುಂದುವರಿದೆವು. ಗೋಡೆಗೂ ಬಟ್ಟೆಯ ಬೆನ್ನಿಗೂ ಅಂಟಾಗಿ ಅಕ್ರಿಲಿಕ್ ಜೆಲ್. ನಡುವಿನಿಂದ ಹೊರಕ್ಕೆ ಗಾಳಿ ಒತ್ತಿ ತೆಗೆಯಬೇಕು. ಜೆಲ್‌ಗೆ ಎಷ್ಟು ನೀರು, ಅಂಚಿಗೆ ಏನು ಸವರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಕೆಂಪಿಗೆ ಐರನ್ ಆಕ್ಸೈಡ್ (ಕಬ್ಬಿಣದ ತುಕ್ಕಿನ ಬಣ್ಣ) ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಗ್ಗದ ಕೆಂಪು ಬಿಸಿಲಿಗೆ ಎಷ್ಟು ಬೇಗ ಸಾಯುತ್ತದೆ ಅಂತ ನಿಮಗೂ ಗೊತ್ತು ಅಲ್ವಾ.

ದುಡ್ಡಿನ ಮಾತು. ನೇರ ಬರೆದಾಗ ಹೆಚ್ಚು ಕಡಿಮೆ ಅರ್ಧ ಹಣ ಅಟ್ಟಣಿಗೆ ಮತ್ತು ಲಿಫ್ಟ್ ಬಾಡಿಗೆಗೇ ಹೋಗಿತ್ತು. ಬಟ್ಟೆಯಲ್ಲಿ ಲಿಫ್ಟ್ ಬೇಕಾದದ್ದು ಮೊದಲಿನ ದಿನಗಳ ಮೂರನೇ ಒಂದು ಭಾಗಕ್ಕೆ ಮಾತ್ರ. ಉಳಿದದ್ದರಲ್ಲಿ ಒಂದಷ್ಟನ್ನು ಜೆಲ್ ನುಂಗಿತು, ಮಿಕ್ಕದ್ದನ್ನು ಬಣ್ಣ ಹಚ್ಚಿದ ದೊಡ್ಡವರಿಗೆ ಕೂಲಿಯಾಗಿ ಕೊಟ್ಟೆವು. ಕಲೆಯ ಹೆಸರಲ್ಲಿ ಯಾರಿಂದಲೂ ಪುಕ್ಕಟೆ ದುಡಿಸಬಾರದು.

ನಡುವೆ ಅಲ್ಲೇ ಹತ್ತಿರದ ರಸ್ತೆ ದಾಟುವ ಜಾಗಕ್ಕೂ ಬಣ್ಣ ಹಚ್ಚಿ ನೋಡಿದೆ. ಹೊಸದಾಗಿದ್ದಾಗ ಗಾಡಿಗಳು ನಿಧಾನವಾದವು. ಆದರೆ ಟಯರು ಬೇಗನೆ ತಿಂದುಹಾಕಿತು. ಮತ್ತೆ ಮತ್ತೆ ಹಚ್ಚಲು ಹಣವಿಲ್ಲದೆ ಕೈಬಿಟ್ಟೆ.

ಸಭೆಗಳಲ್ಲಿ ಯಾರಾದರೊಬ್ಬರು ಸ್ಪೇನ್‌ನ ಬಿಲ್ಬಾವೊ ಊರಿನ ಹೆಸರು ತೆಗೆಯುತ್ತಾರೆ. 1997ರಲ್ಲಿ ಗುಗ್ಗನ್‌ಹೈಮ್ ಕಲಾ ಮ್ಯೂಸಿಯಂ ಬಂತು, ಊರು ಬದಲಾಯಿತು ಅಂತ. ಆ ಊರಿಗೆ ಮೆಟ್ರೊ 1995ರಲ್ಲೇ ಬಂದಿತ್ತು, ನದಿ ತೊಳೆಯುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. ಅಂದರೆ ಮ್ಯೂಸಿಯಂ ಒಂದೇ ಊರನ್ನು ಬದಲಿಸಿದ್ದಲ್ಲ. ಹಾಗಾಗಿ ನಾನು ಚಿತ್ರಕ್ಕೂ ಮೊದಲು ದೀಪ, ಕಲ್ಲುಬೆಂಚು ಹಾಕಿಸಿ ಎಂದು ಹಟ ಹಿಡಿದೆ. ಈಗ ಸಂಜೆ ಅಲ್ಲಿ ಜನ ಕೂರುತ್ತಾರೆ. ಪೋಸ್ಟರ್ ಅಂಟಿಸಲು ಬಂದವರನ್ನು ಬಣ್ಣ ಹಚ್ಚಿದ ಹೆಂಗಸರೇ ಓಡಿಸಿದರು. ಕಾವಲಿಗೆ ನಾವು ಯಾರನ್ನೂ ಇಟ್ಟಿರಲಿಲ್ಲ.

ಎದುರಿನ ಗೋಡೆಗೂ ಕೇಳಿದ್ದಾರೆ. ಒಟ್ಟು ಹಣದಲ್ಲಿ ಹತ್ತನೇ ಒಂದು ಭಾಗ ರಿಪೇರಿಗೆ ಎತ್ತಿಡುತ್ತೇವೆ ಎಂದು ಬರೆದುಕೊಟ್ಟರೆ ಬಟ್ಟೆ ಕತ್ತರಿಸಲು ಶುರು ಮಾಡುತ್ತೇನೆ.